ಗುಮಾಸ್ತರ ಹಿಮ್ಮಡಿ ಬೂಟು

ನನ್ನ ಗಂಡ ಸುಳ್ಳು ಹೇಳುವವರಲ್ಲ. ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಗುಣದ ಜೊತೆ ಹದಿನಾರು ವರ್ಷ ಸಂಸಾರ ಮಾಡಿದವಳು ನಾನು, ಅದರ ಕಷ್ಟ ನನಗೇ ಗೊತ್ತು. ಕಿರುಗಾವಲಿನ ಹತ್ತಿರ ನಮಗೊಂದು ಗದ್ದೆಯಿತ್ತು. ಬದುವಿನ ತಕರಾರು ಬಂದು ಅಳತೆಯವರು ವಿಚಾರಣೆಗೆ ಕೂತಾಗ ಇವರನ್ನೂ ಒಂದು ಮಾತು ಕೇಳಿದರು. "ಬದು ನಮ್ಮ ತಾತನ ಕಾಲದಲ್ಲಿ ಇನ್ನೂ ನಾಲ್ಕು ಮಾರು ಈಚೆಗಿತ್ತು ಸ್ವಾಮಿ, ನಮ್ಮೋರೇ ಒತ್ಕೊಂಡಿದ್ದು" ಎಂದುಬಿಟ್ಟರು ಪುಣ್ಯಾತ್ಮರು. ಗದ್ದೆ ಅರ್ಧಕ್ಕರ್ಧ ಹೋಯಿತು. ನಾನು ಹಣೆ ಚಚ್ಚಿಕೊಂಡರೆ, "ಕೇಳುದ್ರಲ್ಲ ಕಣಮ್ಮಿ, ಕೇಳ್ದಾಗ ಇನ್ನೇನ್ ಯೋಳ್ಲಿ?" ಎಂದರು. ಕೇಳದೆ ಹೋದರೆ ಸುಮ್ಮನಿರುತ್ತಾರೆ. ಕೇಳಿದರೆ ಮುಗಿಯಿತು.

ಅವರ ಹೆಸರು ರಾಮಲಿಂಗಯ್ಯ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹಿಡಿಯುವುದಿಲ್ಲ, ಬರೆಯುವಾಗ ಬೇರೆ ದಾರಿಯಿಲ್ಲವೆಂದು ಒಂದು ಸಲ ಹಿಡಿದಿದ್ದೇನೆ. ಮಳವಳ್ಳಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಆಳು ಕುಳ್ಳು. ನಾನು, ರೇವಮ್ಮ, ಅವರಿಗಿಂತ ನಾಲ್ಕು ಬೆರಳು ಎತ್ತರ. ಇಬ್ಬರೂ ಜೊತೆಯಾಗಿ ಬೀದಿಯಲ್ಲಿ ನಡೆದರೆ ಎದುರು ಮನೆಯ ಬೆಟ್ಟಮ್ಮ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಆದ್ದರಿಂದ ನಾವು ಜೊತೆಯಾಗಿ ನಡೆಯುವುದನ್ನೇ ಬಿಟ್ಟಿದ್ದೆವು.

ನಲವತ್ತೆರಡನೇ ಇಸವಿಯ ಚಳವಳಿಯ ಕಾಲ. ಗೌರಿಹಬ್ಬಕ್ಕೆ ಇನ್ನೂ ಹದಿನೈದು ದಿನವಿತ್ತು. ನಡುಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ತಲೆಯ ಮೇಲೆ ಹಸಿಹುಲ್ಲಿನ ಹೊರೆ ಹೊತ್ತ ಆಳೊಬ್ಬ ಬಂದು ನಿಂತ. ನಮ್ಮನೆಯಲ್ಲಿ ಹಸುವಿಲ್ಲ ಹೋಗಯ್ಯ ಎಂದು ಗದರಿದೆ. ಹೊರೆಯ ಕೆಳಗಿನಿಂದ "ಅಕ್ಕ" ಎಂದಿತು ಒಂದು ದನಿ.

ಸಿದ್ದರಾಮು. ನನ್ನ ತಮ್ಮ. ಅವ್ವ ಸತ್ತಾಗ ಮೂರು ವರ್ಷದ ಕೂಸು, ಸೊಂಟದ ಮೇಲೆ ಹೊತ್ತು ಸಾಕಿದವಳು ನಾನು. ನಮಗೆ ಮಕ್ಕಳಾಗಲಿಲ್ಲ. ನನಗೆ ಮಗ ಅಂದರೂ ಅವನೇ, ತಮ್ಮ ಅಂದರೂ ಅವನೇ. ಮಂಡ್ಯದಲ್ಲಿ ಓದಿಕೊಂಡಿದ್ದಾನೆ ಎಂದು ನಾನು ನೆಮ್ಮದಿಯಾಗಿದ್ದರೆ ಈ ಗಂಡು, ಗಡ್ಡ ಬಿಟ್ಟುಕೊಂಡು, ಕಾಲೆಲ್ಲ ಮುಳ್ಳು ಗೀರಿಸಿಕೊಂಡು ಬಂದು ನಿಂತಿದ್ದ.

"ಮದ್ದೂರತ್ರ ರೈಲುಕಂಬಿ ಪಕ್ಕದ ತಂತಿ ಕತ್ತರಿಸ್ಬುಟ್ಟೊ ಕಣಕ್ಕ. ಜೊತೇಲಿದ್ದ ಇಬ್ರೂ ಸಿಕ್ಕಾಕ್ಕೊಂಡ್ರು. ನಾನು ಕೊಳ್ಳೇಗಾಲಕ್ಕೆ ಓಯ್ತೀನಿ. ಅಲ್ಲೀಗಂಟ ಇಲ್ಲಿರ್ತೀನಿ."

ಹೊಳೆ ದಾಟಿ ಕೊಳ್ಳೇಗಾಲ ಮುಟ್ಟಿದರೆ ಅದು ಮದರಾಸಿನವರ ಸೀಮೆ, ಮೈಸೂರಿನ ಪೋಲೀಸರು ಅಲ್ಲಿಗೆ ಬಂದು ಹುಡುಕುವುದಿಲ್ಲ ಎಂದು ಅವನ ಎಣಿಕೆ. ಆದರೆ ಹೊಳೆಯ ದಂಡೆಯ ಬ್ಲಫ್ ಎಂಬ ಊರಲ್ಲಿ ಕರೆಂಟು ತೆಗೆಯುವ ಕಡೆ ಕಾವಲು ಬಿಗಿ ಮಾಡಿದ್ದರು. ಸೇತುವೆಯ ಮೇಲೆ ಒಬ್ಬೊಬ್ಬರ ಮುಖ ನೋಡಿ ಬಿಡುತ್ತಿದ್ದರು. ಕಾವಲು ಸಡಿಲವಾಗುವ ತನಕ ಕಾಯಬೇಕಿತ್ತು.

ಅಡುಗೆಮನೆಯ ಮೇಲೆ ಅಟ್ಟವಿತ್ತು. ಸೌದೆ, ಬೆರಣಿ, ಒಂದು ಮೂಟೆ ಒಣಮೆಣಸಿನಕಾಯಿ. ತೊಲೆ ಹಿಡಿದು ಒಂದೇ ನೆಗೆತಕ್ಕೆ ಮೇಲೇರಿದ. ಅವನು ಕಣ್ಮರೆಯಾದ ಮೇಲೆ ನಾನು ಒಲೆಯ ಮುಂದೆ ಕೂತೆ. ಆಗ ಹೊಳೆಯಿತು ನನಗೆ: ಪೋಲೀಸರು ಬರುವುದು ಇರಲಿ, ಸಂಜೆ ಐದೂವರೆಗೆ ಮನೆಯ ಯಜಮಾನರು ಬರುತ್ತಾರೆ. ಸಿದ್ದರಾಮು ಅವರ ಕಣ್ಣಿಗೆ ಬಿದ್ದರೆ ಅವರಾಗಿ ಹೋಗಿ ಯಾರಿಗೂ ಹೇಳುವುದಿಲ್ಲ. ಆದರೆ ಕಚೇರಿಯಲ್ಲಿ ಯಾರಾದರೂ, "ಏನ್ರೀ ರಾಮಲಿಂಗಯ್ಯ, ನಿಮ್ಮ ಬಾಮೈದ ಎಲ್ಲಿ?" ಎಂದು ಕೇಳಿದರೆ? ನನ್ನ ತಮ್ಮ ಜೈಲಿಗೆ, ಇವರ ಕೆಲಸ ಬೀದಿಗೆ. ಆವತ್ತಿನಿಂದ ನನ್ನ ಹೆದರಿಕೆ ಪೋಲೀಸರದ್ದಲ್ಲ, ಗಂಡನದ್ದು.

ಆಗ ಇವರು ಹಾಕುತ್ತಿದ್ದದ್ದು ಹಳೆಯ ಮೆಟ್ಟು. ಸವೆದು ಸವೆದು ಮೆತ್ತಗಾಗಿ, ಬಂದರೆ ಬೆಕ್ಕು ಬಂದ ಹಾಗೆ. ಎಷ್ಟೋ ಸಲ ನಾನು ತಿರುಗಿ ನೋಡಿದರೆ ಬೆನ್ನ ಹಿಂದೆಯೇ ನಿಂತಿರುತ್ತಿದ್ದರು. ಹಗಲೆಲ್ಲ ಸಿದ್ದರಾಮು ಮೇಲೇ ಮುದುರಿಕೊಂಡು ಮಲಗಿದ್ದರೆ ಸರಿ. ಊಟಕ್ಕೆ, ನೀರಿಗೆ, ಹಿತ್ತಲಿಗೆ ಇಳಿಯಬೇಡವೇ? ಇಳಿದಾಗಲೆಲ್ಲ ನಾನು ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ಬಾಗಿಲ ಮೇಲೆ ಇಟ್ಟು ಬೇಯುತ್ತಿದ್ದೆ.

ಎಂಟನೆಯ ದಿನ ಲೆಕ್ಕ ತಪ್ಪಿತು. ತಲೆನೋವೆಂದು ಇವರು ಮೂರು ಗಂಟೆಗೇ ಬಂದುಬಿಟ್ಟರು. ನಡುಮನೆಯಲ್ಲಿ ಕೆಮ್ಮಿದಾಗಲೇ ನನಗೆ ಗೊತ್ತಾದದ್ದು. ಸಿದ್ದರಾಮು ಹಾರಿ ಅಟ್ಟ ಹತ್ತಿದ. ಇವರು ಅಡುಗೆಮನೆಯ ಹೊಸ್ತಿಲ ಮೇಲೆ ಕಾಲಿಡುವುದಕ್ಕೂ ಮೇಲೆ ಮೆಣಸಿನಕಾಯಿ ಘಾಟಿಗೆ ಅವನು ಎರಡು ಸಲ ಸೀನುವುದಕ್ಕೂ ಸರಿಹೋಯಿತು.

"ಏನಮ್ಮಿ ಅದು?"

"ಬೆಕ್ಕು ಕನಿ."

"ಬೆಕ್ಕಾ" ಎಂದರು. ತಲೆಯೆತ್ತಿ ನೋಡಲಿಲ್ಲ. ನೆಲ ನೋಡುತ್ತ ಬಚ್ಚಲಿಗೆ ಹೋದರು. ಶಿವನೇ ಕಾಪಾಡಿದ ಎಂದುಕೊಂಡು ನಾನು ಗೋಡೆಗೆ ಒರಗಿದೆ.

ಮುಂದಿನ ವಾರ ಕಚೇರಿಯ ಕಾಗದ ತೆಗೆದುಕೊಂಡು ಮೈಸೂರಿಗೆ ಹೋಗಿದ್ದವರು ಸಂಜೆ ಬಸ್ಸಿಗೆ ವಾಪಸು ಬಂದರು. ಪೇಟೆ ಬೀದಿಯಿಂದ ನಮ್ಮ ಮನೆಗೆ ಬರುವ ಗಲ್ಲಿಗೆ ಕಲ್ಲುಚಪ್ಪಡಿ ಹಾಸಿತ್ತು. ಆ ತುದಿಯಲ್ಲಿ ಕಟಕ್, ಕಟಕ್ ಎಂದು ಸದ್ದು. ಪೋಲೀಸಿನವರೇ! ಜಗಲಿಯ ಮೇಲೆ ರಾಟೆ ಹಿಡಿದು ಕೂತಿದ್ದ ಮೂಲೆಮನೆಯ ಮುದುಕರು ರಾಟೆ ಎತ್ತಿಕೊಂಡು ಒಳಗೆ ಓಡಿದರಂತೆ. ಬೆಟ್ಟಮ್ಮ ಬಾಗಿಲು ಹಾಕಿಕೊಂಡಳು. ಸಿದ್ದರಾಮು ಅಟ್ಟದ ಮೂಲೆ ಸೇರಿದ. ನಾನು ಬಾಗಿಲು ತೆಗೆದರೆ ಯಜಮಾನರು!

ಕಾಲಲ್ಲಿ ಕರೀ ಬೂಟು. ಅಂಥ ಬೂಟನ್ನು ನಾನು ಗಂಡಸರ ಕಾಲಲ್ಲಿ ನೋಡಿರಲಿಲ್ಲ. ಹಿಮ್ಮಡಿಯ ಕಡೆ ಚರ್ಮದ ಮೇಲೆ ಚರ್ಮ ಕೂರಿಸಿ ನಾಲ್ಕು ಬೆರಳೆತ್ತರ ಮಾಡಿತ್ತು, ಅದರ ಕೆಳಗೆ ಕಬ್ಬಿಣದ ಲಾಳ ಬೇರೆ. ಅದರ ಮೇಲೆ ಇವರು ಮುಂದಕ್ಕೆ ಬಾಗಿ, ಕೆಸರುಗದ್ದೆಯಲ್ಲಿ ನಡೆಯುವವರ ಹಾಗೆ ಕಾಲೆತ್ತಿ ಎತ್ತಿ ಇಡುತ್ತ ಬಂದು ನನ್ನ ಮುಂದೆ ನಿಂತರು. ಹದಿನಾರು ವರ್ಷದಲ್ಲಿ ಮೊದಲ ಸಲ ಅವರ ಕಣ್ಣು ನನ್ನ ಕಣ್ಣಿನ ಮಟ್ಟಕ್ಕೆ ಬಂದಿತ್ತು.

"ಇದೇನ್ರೀ ಅವತಾರ?" ಎಂದೆ.

"ನಿನ್ನ ಸಮಕ್ಕೆ ಬಂದ್ನಲ್ವಾ ಈಗ?" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಮೈ ಉರಿಯಿತು. ಇಲ್ಲಿ ನಾನು ಅಂಗೈಯಲ್ಲಿ ಜೀವ ಹಿಡಿದುಕೊಂಡಿದ್ದೇನೆ, ಇವರಿಗೆ ನಲವತ್ತಕ್ಕೆ ಸೊಗಸು ಬಂತೇ!

ಮಾರನೆಯ ದಿನದಿಂದ ಊರಿಗೆಲ್ಲ ಅದೇ ಮಾತು. ಮೊದಲ ನಾಲ್ಕು ದಿನ ಸದ್ದು ಕೇಳಿದರೆ ಜನ ಹೆದರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗುಮಾಸ್ತರು ಎಂದು ಗೊತ್ತಾದ ಮೇಲೆ ಹೆದರಿದ್ದಕ್ಕೆಲ್ಲ ಬಡ್ಡಿ ಸೇರಿಸಿ ನಕ್ಕರು. ಲಾಳ ಹೊಡೆಸಿಕೊಂಡವರು ಗಾಡಿ ಎಳೆಯುವುದು ಯಾವಾಗ ಎಂದ ಒಬ್ಬ. ನಾಟಕದ ಕಂಪನಿಯಲ್ಲಿ ಹೆಣ್ಣುವೇಷ ಕಟ್ಟುವವನಿಗೆ ಕೊಡಿ ಎಂದ ಇನ್ನೊಬ್ಬ. ಕಚೇರಿಯಲ್ಲಿ ಅಮಲ್ದಾರರೇ, "ದೊರೆಸಾನಿ ಬಂದ್ರು, ಕುರ್ಚಿ ಹಾಕ್ರಪ್ಪ" ಎಂದರಂತೆ. ಇವರು ಬೂಟು ಬಿಡಲಿಲ್ಲ. ಬೆಟ್ಟಮ್ಮ ನೀರಿಗೆ ಬಂದಾಗ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಮೈಸೂರಲ್ಲಿ ಯಾವಳನ್ನಾರ ಮಡೀಕಂಡವ್ರೇನೋ ನೋಡು ರೇವಕ್ಕ. ಈ ವಯಸ್ಸಲ್ಲಿ ಗಂಡಸು ಎತ್ರ ಕಾಣ್ಬೇಕು ಅಂದ್ರೆ ಯಾರ್ಗೋಸ್ಕರ?"

"ನಿನ್ನ ಬಾಯಿಗೆ ಮಣ್ಣು ಬೀಳ" ಎಂದೆ. ಎಂದೆನೇ ಹೊರತು ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಒಂದು ಹೆದರಿಕೆ ಸಾಲದು ಎಂದು ಇನ್ನೊಂದು.

ಒಂದು ವಾರದಲ್ಲಿ ಅವರ ಹಿಮ್ಮಡಿ ಸುಲಿದು ರಕ್ತ ಬಂತು. ಬೆರಳ ಸಂದಿಯಲ್ಲೆಲ್ಲ ಬೊಬ್ಬೆ. ಹರಳೆಣ್ಣೆ ಹಚ್ಚುತ್ತ ನಾನು ಬೈದೆ.

"ಕಿತ್ತು ಬಿಸಾಕಿ ಅತ್ಲಾಗೆ. ಊರೋರೆಲ್ಲ ಆಡ್ಕೊಂಡು ನಗ್ತಾವ್ರೆ. ನಾನು ತಲೆ ಎತ್ತಂಗಿಲ್ಲ."

"ನಗ್ಲಿ ಬುಡು. ನಗೋದ್ರಿಂದ ಯಾರ್ಗೂ ಏನೂ ಆಗಾಕಿಲ್ಲ."

"ನಿಮ್ಗೆ ಇದು ಯಾಕೆ ಬೇಕು ಯೋಳಿ, ಒಂದೇ ಮಾತು."

ಅವರು ಕಾಲು ಎಳೆದುಕೊಂಡರು. "ಇದೊಂದು ಮಾತ್ರ ಕೇಳ್ಬೇಡ ಕಣಮ್ಮಿ" ಎಂದರು. ಕೇಳಬೇಡ ಎಂದು ಅವರ ಬಾಯಿಂದ ಬಂದದ್ದು ಅದೇ ಮೊದಲು. ಬೆಟ್ಟಮ್ಮ ಹೇಳಿದ್ದೇ ನಿಜ ಎಂದುಕೊಂಡೆ. ಮತ್ತೆ ಕೇಳುವ ಧೈರ್ಯ ಬರಲಿಲ್ಲ, ಕೇಳಿದರೆ ಹೇಳಿಬಿಡುತ್ತಾರಲ್ಲ.

ಆದರೂ ಒಂದು ಮಾತು ಹೇಳಬೇಕು. ಆ ದರಿದ್ರ ಬೂಟು ನನಗೆ ಉಪಕಾರ ಮಾಡಿತು. ಗಲ್ಲಿಯ ತುದಿಯಲ್ಲಿ ಕಟಕ್ ಎಂದರೆ ಸಾಕು, ಮನೆ ಬಾಗಿಲಿಗೆ ಬರುವ ಹೊತ್ತಿಗೆ ಸಿದ್ದರಾಮು ಕೈತೊಳೆದು ಅಟ್ಟ ಸೇರಿರುತ್ತಿದ್ದ, ನಾನು ತಟ್ಟೆ ತೊಳೆದಿಟ್ಟಿರುತ್ತಿದ್ದೆ. ಬಾಗಿಲಿಗೆ ಬಂದರೂ ಇವರು ಥಟ್ಟನೆ ಒಳಗೆ ಬರುತ್ತಿರಲಿಲ್ಲ. ಮಣ್ಣು ಉದುರಿಸಲು ಚಪ್ಪಡಿಗೆ ಹಿಮ್ಮಡಿ ಕುಟ್ಟುವುದು, ಕೆಮ್ಮುವುದು, ಜಗಲಿಯ ಮೇಲೆ ಕೂತು ಬೂಟಿನ ದಾರ ಬಿಚ್ಚುವುದು. ಆ ಗಂಟು ಬಿಚ್ಚುವುದರಲ್ಲಿ ಒಂದು ಮುದ್ದೆ ಕಟ್ಟಬಹುದಿತ್ತು. ಒಮ್ಮೆ ಲಾಳ ಕಿತ್ತುಬಂದು ಬೂಟು ಎರಡು ದಿನ ರಿಪೇರಿಗೆ ಹೋಯಿತು. ಆ ಎರಡು ದಿನವೂ ಪುಣ್ಯಾತ್ಮರು ಗಲ್ಲಿಯ ತುದಿಯಿಂದಲೇ ಗಟ್ಟಿಯಾಗಿ ಹಾಡಿಕೊಂಡು ಬಂದರು. ಅವರ ರಾಗಕ್ಕೆ ಬೆಟ್ಟಮ್ಮನ ಮನೆಯ ನಾಯಿ ಊಳಿಟ್ಟಿತು. ತಲೆ ಕೆಟ್ಟಿದೆ ಇವರಿಗೆ ಎಂದುಕೊಂಡೆ.

ದಸರೆ ಹೋಯಿತು. ದೀಪಾವಳಿ ಹತ್ತಿರ ಬಂತು. ನಮ್ಮ ತವರೂರಿನ ಗಾಡಿಯ ಕೆಂಪಸಿದ್ದಯ್ಯ ಬಂದು ಸುದ್ದಿ ಹೇಳಿಹೋದ. ಬ್ಲಫ್‌ನ ಕಾವಲು ಅರ್ಧ ತೆಗೆದಿದ್ದಾರೆ, ಮಂಗಳವಾರ ಬೆಳಗಿನ ಜಾವ ಬೆಲ್ಲದ ಗಾಡಿ ಕೊಳ್ಳೇಗಾಲಕ್ಕೆ ಹೋಗುತ್ತದೆ, ಸಿದ್ದರಾಮು ಗಾಡಿ ಹೊಡೆಯುವ ಆಳಾಗಿ ಬರಬಹುದು. ಬಿಸಿಲೇರುವ ಹೊತ್ತಿಗೆ ಹೊಳೆಯ ಆಚೆ. ಇನ್ನೊಂದೇ ದಿನ ಎಂದು ನಾನು ಸೋಮವಾರ ಬೆಳಗಿನಿಂದ ಉಸಿರು ಬಿಗಿಹಿಡಿದು ಕೂತಿದ್ದೆ.

ಆ ಸೋಮವಾರ ಮಧ್ಯಾಹ್ನ ಸಿದ್ದರಾಮು ಒಲೆಯ ಮುಂದೆ ಕೂತು ಮುದ್ದೆ ಮುರಿಯುತ್ತಿದ್ದ. ಗಲ್ಲಿಯ ತುದಿಯಲ್ಲಿ ಸದ್ದಾಯಿತು. ಕಚೇರಿ ಬಿಡುವ ಹೊತ್ತಲ್ಲ. ಕಿವಿಗೊಟ್ಟೆ. ಒಂದು ಜೊತೆ ಬೂಟಲ್ಲ, ಎರಡು. ಒಂದು ನಮ್ಮವರದು, ತಡವರಿಸುವ ಸದ್ದು. ಇನ್ನೊಂದು ಭಾರದ್ದು, ಒಂದೇ ಸಮನೆ ಬರುವಂಥದ್ದು. ಸಿದ್ದರಾಮುವಿನ ಕೈಯ ತುತ್ತು ಕೈಯಲ್ಲೇ ನಿಂತಿತು. ಮೇಲೆ ಹೋಗು ಎಂದು ಹೇಳಲೂ ನನಗೆ ಆಗಲಿಲ್ಲ.

ಅಷ್ಟರಲ್ಲಿ ಬೆಟ್ಟಮ್ಮನ ಜಗಲಿಯ ಹತ್ತಿರ ದಡ್ ಎಂದು ಯಾರೋ ಬಿದ್ದರು. "ಅಯ್ಯಪ್ಪಾ, ಸತ್ತೆ!" ನಮ್ಮವರ ದನಿ, ಇಡೀ ಗಲ್ಲಿಗೆ ಕೇಳುವಷ್ಟು. ಬೆಟ್ಟಮ್ಮ ನಕ್ಕಳು. "ಏಳ್ರೀ, ಏಳ್ರೀ. ಇಂಥ ಬೂಟು ಯಾಕ್ರೀ ಹಾಕ್ತೀರಿ?" ಎಂದಿತು ಒಂದು ಗಡಸು ದನಿ. ಸಿದ್ದರಾಮು ಅಟ್ಟ ಸೇರಿದ. ಅವನ ತಟ್ಟೆಯ ಮುಂದೆ ನಾನು ಕೂತು ಅವನು ಮುರಿದ ಮುದ್ದೆಯನ್ನೇ ಬಾಯಿಗಿಟ್ಟುಕೊಂಡೆ.

ಒಳಗೆ ಬಂದದ್ದು ಇನಸ್ಪೆಕ್ಟರು. ಹಿಂದೆ ಮೆಟ್ಟಿನ ಕಾಲಿನ ಇಬ್ಬರು ಪೋಲೀಸಿನವರು ಬಾಗಿಲಲ್ಲೇ ನಿಂತರು. ಇವರ ಮೊಣಕಾಲು ತರಚಿ ಪಂಚೆಗೆ ರಕ್ತ ಹತ್ತಿತ್ತು. ಆ ಇನಸ್ಪೆಕ್ಟರು ಒರಟರಾಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ. ಹೊಸ್ತಿಲಲ್ಲೇ ಬೂಟು ಬಿಚ್ಚಿದರು, ಹಣೆಯಲ್ಲಿ ವಿಭೂತಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ನಾನೂ ಲಿಂಗವಂತನೇ ಕಣವ್ವ. ನಿಮ್ಮ ಅಡುಗೆಮನೆಗೆ, ಪೂಜೆ ಜಾಗಕ್ಕೆ ಪೋಲೀಸಿನವ್ರನ್ನ ನುಗ್ಸಾಕೆ ನಂಗೆ ಮನಸಿಲ್ಲ. ಈ ಮನೇಲಿ ಎರಡು ತಿಂಗಳಿಂದ ರಾಗಿ ಜಾಸ್ತಿ ಬೀಸ್ತಾವ್ರೆ ಅಂತ ಒಂದು ಮಾತು ಬಂತು. ಅಮಲ್ದಾರ್ರು ಏನಂದ್ರು ಗೊತ್ತಾ? ರಾಮಲಿಂಗಯ್ಯ ಲಿಂಗ ಮುಟ್ಟಿ ಒಂದು ಮಾತು ಅಂದ್ರೆ ನೂರು ಜನ ಮನೆ ಶೋಧಿಸಿದ್ದಕ್ಕಿಂತ ಮೇಲು ಅಂದ್ರು. ಅಷ್ಟು ಸಾಕು ನಂಗೆ."

ಇವರು ಕೈತೊಳೆದು ಬಂದರು. ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು ಬಲಗೈ ಮುಚ್ಚಿದರು. ನನಗೆ ಭಯವಿರಲಿಲ್ಲ ಆ ಕ್ಷಣ. ಇವರಿಗೆ ಗೊತ್ತಿಲ್ಲವಲ್ಲ, ಇಲ್ಲ ಎಂದೇ ಹೇಳುತ್ತಾರೆ, ಅದು ನಿಜವೇ.

"ನನ್ನ ಬಾಮೈದ ಸಿದ್ದರಾಮುನ ನಾನು ಈ ಮನೇಲಿ ಕಣ್ಣಾರೆ ಕಂಡಿಲ್ಲ ಸ್ವಾಮಿ. ಇದು ಸತ್ಯ."

ಇನಸ್ಪೆಕ್ಟರು ತಲೆಯಾಡಿಸಿ ಎದ್ದರು. ಬಾಗಿಲಿಗೆ ಹೋಗಿ ಒಂದು ಕಾಲಿಗೆ ಬೂಟು ಹಾಕಿದರು. ಇನ್ನೊಂದು ಹಾಕಲಿಲ್ಲ. ತಿರುಗಿ ನನ್ನನ್ನು ನೋಡಿದರು.

"ನಿಮ್ಮ ಕೊರಳಲ್ಲೂ ಅದೆಯಲ್ಲವ್ವ. ನೀವೂ ಒಂದು ಮಾತು ಅಂದ್ಬುಡಿ. ಹಗಲೊತ್ತು ಮನೇಲಿರೋರು ನೀವು."

"ಎಂಗಸ್ರ ಕೈಲಿ ಯಾಕೆ ಸ್ವಾಮಿ?" ಎಂದರು ಇವರು. ಎದ್ದೇ ಬಿಟ್ಟಿದ್ದರು. ದನಿ ಒಡೆದಿತ್ತು. "ನಾನು ಯೋಳಿದ್ನಲ್ಲ. ಅವಳನ್ನ ಬುಟ್ಬುಡಿ, ಅವಳನ್ನ ಕೇಳ್ಬೇಡಿ."

ನಾನು ಅವರ ಮುಖ ನೋಡಿದೆ. ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿತ್ತು. ಮನೆಯಲ್ಲಿ ಏನೂ ಇಲ್ಲವೆಂದು ನಂಬಿದವರು ಯಾಕೆ ಹೀಗೆ ನಡುಗುತ್ತಾರೆ? ಆಗ ಗೊತ್ತಾಯಿತು. ಇವರಿಗೆ ಗೊತ್ತು. ಎಲ್ಲ ಗೊತ್ತು.

"ಇಲ್ದೇ ಇರೋದನ್ನ ಇಲ್ಲ ಅನ್ನಾಕೆ ಏನ್ ಕಷ್ಟ?" ಎಂದರು ಇನಸ್ಪೆಕ್ಟರು, ಮೆಲ್ಲಗೆ. "ಸುಳ್ಳಾದ್ರೆ ಯಾರ್ಗೆ ತಟ್ತದೆ ಅನ್ನೋದು ಮುತ್ತೈದೆಗೆ ನಾನು ಯೋಳ್ಬೇಕಾಗಿಲ್ಲ."

ಹಿಂದೆ ಸರಿದರೆ ಒಪ್ಪಿಕೊಂಡ ಹಾಗೆ. ನಿಜ ಹೇಳಿದರೆ ನಾನು ಸಾಕಿದ ಕೂಸು ಜೈಲಿಗೆ. ಸುಳ್ಳು ಹೇಳಿದರೆ ಶಾಪ ತಟ್ಟುವುದು ಎದುರಿಗೆ ನಿಂತ ಈ ಮನುಷ್ಯನಿಗೆ. ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡಾಗ ಅದು ಬೆವರಿನಲ್ಲಿ ಜಾರುತ್ತಿತ್ತು. ದಿನವೂ ಕೈಯಲ್ಲಿಟ್ಟು ಪೂಜೆ ಮಾಡಿದ ಶಿವನನ್ನು ನೋಡಿಕೊಂಡೇ, "ನನ್ನ ತಮ್ಮ ಈ ಮನೆಗೆ ಬಂದಿಲ್ಲ, ನಾನು ಕಂಡಿಲ್ಲ" ಎಂದೆ.

ಇನಸ್ಪೆಕ್ಟರು ನನಗೆ ಕೈಮುಗಿದರು. "ತಪ್ಪು ತಿಳೀಬೇಡಿ ಕಣವ್ವ. ನಮ್ಮ ಕೆಲಸವೇ ಇಂತಾದ್ದು. ನಾಳೆ ಬೆಳಿಗ್ಗೆ ಕಚೇರಿ ಬಾಗಿಲು ತೆಗೀತಲೂ ಅಮಲ್ದಾರ್ರ ಮುಂದೆ ನಿಮ್ಮೋರು ಇದೇ ಮಾತು ಇನ್ನೊಂದ್ಸಲ ಲಿಂಗ ಮುಟ್ಟಿ ಯೋಳ್ಲಿ, ಬರ್ಕೊಂತೀವಿ, ಅಲ್ಲಿಗೆ ಮುಗೀತು. ಅಲ್ಲೀಗಂಟ ಬ್ಲಫ್ ಕಾವಲಿನೋರಿಗೆ ನಾನೇನೂ ಯೋಳಿ ಕಳ್ಸಾಕಿಲ್ಲ" ಎಂದು ಹೊರಟರು. ಬೂಟುಗಳ ಸದ್ದು ಗಲ್ಲಿ ದಾಟುವ ತನಕ ಇಬ್ಬರೂ ನಿಂತಲ್ಲೇ ನಿಂತಿದ್ದೆವು. ಆಮೇಲೆ ನಾನು ಅಗುಳಿ ಹಾಕಿ ತಿರುಗಿದೆ.

"ಯಾವತ್ತಿಂದ ಗೊತ್ತು ನಿಮ್ಗೆ?"

"ಬೆಕ್ಕು ಸೀನಿದ ದಿವ್ಸದಿಂದ."

"ಎರಡು ತಿಂಗಳು!" ನನ್ನ ದನಿ ನನಗೇ ಹೆದರಿಕೆ ಹುಟ್ಟಿಸಿತು. "ಎರಡು ತಿಂಗಳು ದಿನಾ ಸತ್ತಿದ್ದೀನಿ ನಾನು. ಪೋಲೀಸಿನವ್ರಿಗಲ್ಲ, ನಿಮ್ಗೆ ಎದ್ರಿ ಎದ್ರಿ ಸತ್ತಿದ್ದೀನಿ. ಒಂದು ಮಾತು ಅಂದಿದ್ರೆ ನಿಮ್ಮ ಗಂಟೇನ್ ಓಯ್ತಿತ್ತು?"

ಅವರು ನೆಲದ ಮೇಲೆ ಕೂತರು. "ಅಂದಿದ್ರೆ ನೀನು ತೋರಿಸ್ತಿದ್ದೆ. ತೋರಿಸಿದ್ರೆ ನಾನು ಕಾಣ್ತಿದ್ದೆ. ಕಂಡಮ್ಯಾಲೆ ಕೇಳುದ್ರೆ ಇಲ್ಲ ಅನ್ನಾಕೆ ನನ್ನ ಕೈಲಿ ಆಗಾಕಿಲ್ಲ ಕಣಮ್ಮಿ, ನಿಂಗೇ ಗೊತ್ತಲ್ಲ. ಅದ್ಕೇ ಕಾಣದಂಗೇ ಇರಾನ ಅಂತ. ಮೈಸೂರಲ್ಲಿ ಮೆಟ್ಟಿನಂಗಡಿಯೋನ್ನ ಕೇಳ್ದೆ, ಜಾಸ್ತಿ ಸದ್ದು ಮಾಡೋದು ಯಾವುದಪ್ಪ ಅಂತ. ಇದನ್ನ ಕೊಟ್ಟ. ನಾನು ಬತ್ತಾ ಇರೋದು ನಿಮ್ಗೆ ದೂರದಿಂದ್ಲೇ ಗೊತ್ತಾಗ್ಲಿ, ಅವನು ಏರ್ಕೊಳ್ಲಿ ಅಂತ." ಪಂಚೆಯ ಅಂಚಿನಿಂದ ಮೊಣಕಾಲಿನ ರಕ್ತ ಒರೆಸಿಕೊಂಡರು. "ನಿನ್ನ ಕೊರಳಲ್ಲೂ ಲಿಂಗ ಅದೆ ಅನ್ನೋದು ನಂಗೆ ಒಳೀಲೇ ಇಲ್ಲ. ನನ್ನ ಬಾಯಿ ಒಂದನ್ನೇ ಕಾಪಾಡ್ಕೊಂಡೆ. ನಿನ್ನನ್ನ ಒಬ್ಬಳನ್ನೇ ನೂಕ್ಬುಟ್ಟೆ."

ಅಳುತ್ತಿದ್ದರು. ಊರೆಲ್ಲ ನಕ್ಕಾಗ ಅಲ್ಲಾಡದ ಗಂಡಸು. ನನಗೆ ಕನಿಕರ ಬರಲಿಲ್ಲ, ಸುಳ್ಳು ಹೇಳಲಾರೆ. ಸಿಟ್ಟೇ ಬಂತು. ಅವರ ಸತ್ಯಕ್ಕೆ ಊರಿನ ನಗು ಬಿಟ್ಟು ಬೇರೆ ಬೆಲೆ ತೆರಬೇಕಾಗಲಿಲ್ಲ, ನನ್ನ ಸುಳ್ಳಿಗೆ ಇನ್ನೇನು ತೆರಬೇಕೋ ಎಂದು ನಾನು ಒಬ್ಬಳೇ ನಡುಗುತ್ತ ನಿಂತಿದ್ದೆ. ಇನ್ನು ಅವರಿಗೆ ಜ್ವರ ಬಂದರೂ ನಾನೇ ಕಾರಣ, ಕೆಮ್ಮಿದರೂ ನಾನೇ ಕಾರಣ. ಯಾರಿಗೆ ಹೇಳಲಿ?

ಅವರು ಕಣ್ಣೊರೆಸಿಕೊಂಡು ಎದ್ದು ಅಡುಗೆಮನೆಗೆ ನಡೆದರು. ಅಟ್ಟದ ಕೆಳಗೆ ನಿಂತು ತಲೆಯೆತ್ತಿದರು. ಆ ಎರಡು ತಿಂಗಳಲ್ಲಿ ಅವರು ಆ ಕಡೆ ತಲೆಯೆತ್ತಿದ್ದು ಅದೇ ಮೊದಲು.

ನಾನು ಓಡಿಹೋಗಿ ಅವರ ತೋಳು ಹಿಡಿದೆ. "ಏನ್ಮಾಡ್ತಿದ್ದೀರಿ? ನೋಡ್ಬೇಡಿ! ನಾಳೆ ಬೆಳಿಗ್ಗೆ ಅಮಲ್ದಾರ್ರ ಮುಂದೆ ಯೋಳ್ಬೇಕು ನೀವು. ಇನ್ನೊಂದು ರಾತ್ರಿ ಕಳುದ್ರೆ ಅವನು ಒಂಟೋಯ್ತಾನೆ. ಕಂಡ್ಬುಟ್ರೆ ನಾಳೆ ಏನಂತೀರಿ?"

"ನೀನು ಏನಂದ್ಯೋ ಅದನ್ನೇ ಅಂತೀನಿ."

"ನಿಮ್ಮ ಕೈಲಿ ಆಗಾಕಿಲ್ಲ."

"ಆಗ್ಬೇಕು ಕಣಮ್ಮಿ. ತಟ್ಟೋದಾದ್ರೆ ಇಬ್ರಿಗೂ ತಟ್ಲಿ."

ಎರಡು ಮಣೆ ಜೋಡಿಸಿ ಮೇಲೆ ನಿಂತರು. ತೊಲೆಗೆ ಕೈ ಎಟುಕಲಿಲ್ಲ. ಬರಿಗಾಲಿನ ತುದಿಯಲ್ಲಿ ನಿಂತರು, ಆಗಲೂ ಇಲ್ಲ. ಮೇಲೆ ಸಿದ್ದರಾಮು ಉಸಿರಾಡುವುದೂ ಕೇಳಿಸುತ್ತಿರಲಿಲ್ಲ. ಇವರು ತಿರುಗಿ ನನ್ನನ್ನು ನೋಡಿದರು.

"ಎತ್ತು" ಎಂದರು.

ಮಾರನೆಯ ಬೆಳಿಗ್ಗೆ ಅವರು ಅಮಲ್ದಾರರ ಮುಂದೆ ಲಿಂಗ ಮುಟ್ಟಿ ಕಂಡಿಲ್ಲ ಎಂದರು, ಅಷ್ಟರಲ್ಲಿ ಬೆಲ್ಲದ ಗಾಡಿ ಹೊಳೆ ದಾಟಿತ್ತು. ಅದೆಲ್ಲ ಆಮೇಲಿನದು. ಆ ಹೊತ್ತಿನಲ್ಲಿ ನನಗೆ ಅದೊಂದೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ: ಈ ಮನುಷ್ಯನಿಗೆ ಸುಳ್ಳು ಬರುವುದಿಲ್ಲ, ಇವರನ್ನು ನಾನು ಎತ್ತಿದರೆ ನನ್ನ ತಮ್ಮನ ಜೀವವನ್ನು ಅವರ ಬಾಯಿಗೆ ಬರದ ಒಂದು ಸುಳ್ಳಿನ ಮೇಲೆ ಇಟ್ಟ ಹಾಗೆ. ಬೇಡ ಎಂದು ನನ್ನ ಮೈಯೆಲ್ಲ ಕೂಗಿತು. ಆದರೆ ನಾನು ಒಬ್ಬಳೇ ಆಗಿದ್ದೆ, ಅವರು ಕೈ ಚಾಚಿ ನಿಂತಿದ್ದರು.

ಬಗ್ಗಿ ಅವರ ಮಂಡಿಯನ್ನು ಎರಡು ತೋಳಿನಲ್ಲಿ ಬಳಸಿ ಎತ್ತಿದೆ. ಹಗುರವಾದ ಆಳು. ಅವರ ತಲೆ ಅಟ್ಟದ ಬಾಯಿ ದಾಟಿತು.

"ಬಾವ..." ಎಂದಿತು ಮೇಲಿನಿಂದ ಸಿದ್ದರಾಮುವಿನ ದನಿ, ಅಳು ಬೆರೆತು.

"ಕಂಡೆ ಕಣೋ" ಎಂದರು ಇವರು. "ಸಂದಾಗಿ ಕಂಡೆ."

ಅವರ ಕಾಲು ನನ್ನ ಎದೆಗೆ ಒತ್ತಿಕೊಂಡು ನಡುಗುತ್ತಿತ್ತು. ನನ್ನ ತೋಳೂ ನಡುಗುತ್ತಿತ್ತು. ಇಳಿಸು ಎಂದು ಅವರು ಹೇಳಲಿಲ್ಲ, ನಾನೂ ಇಳಿಸಲಿಲ್ಲ.